ಕುಮಾರೋದಯ ವರ್ಣನೆಯೂ ಸೂಲಗಿತ್ತಿಯ ಕೈಯೂ

೧

ಮಹಾಕಾವ್ಯಕ್ಕೆ ಅವಶ್ಯವೆಂದು ಲಾಕ್ಷಣಿಕರು ಎಣಿಸಿದ ಹದಿನೆಂಟು ವರ್ಣನೆಗಳಲ್ಲಿ ಕುಮಾರೋದಯವೂ ಒಂದು. ದಂಡಿಯ ಕಾವ್ಯಾದರ್ಶದಲ್ಲಿಯೇ ಇದರ ಹೆಸರು ಕಾಣಬರುವುದು. ಕನ್ನಡದ ಚಂಪೂಕವಿಗಳು ಈ ವಿಧಿಯನ್ನು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದರು. ಗರ್ಭಿಣಿಯ ಮೊಗದ ಬೆಳ್ಪು, ನಡೆಯ ಅಲಸತೆ, ಬಯಕೆ, ಶುಭಸ್ವಪ್ನ, ಗ್ರಹಗಳ ಉಚ್ಚಸ್ಥಿತಿ, ಜನನವಾರ್ತೆಯನ್ನು ತಂದವರಿಗೆ ಅರಸನಿತ್ತ ಉಡುಗೊರೆ, ಪುರದ ಸಿಂಗರ, ಸೆರೆಮನೆಯ ಬಾಗಿಲು ತೆರೆದುದು, ಜಾತಕರ್ಮ, ನಾಮಕರಣ, ಇವೆಲ್ಲವೂ ಆ ವರ್ಣನೆಯ ಅಂಗಗಳಾಗಿ ಕ್ರಮವಾಗಿ ಬರುವುವು. ಆದರೆ ಬಯಕೆಗೂ ಜಾತಕರ್ಮಕ್ಕೂ ನಡುವೆ ಒಂದು ಗಳಿಗೆಯುಂಟು. ಆ ಗಳಿಗೆಯಲ್ಲಿ ಬೇನೆ ತಿನ್ನುವವಳ ಬೆನ್ನನ್ನು ಹಿಡಿದವರಾರು, ಕೂಸನ್ನು ಕೈಯೊಡ್ಡಿ ಕೊಂಡವರಾರು, ಹೊಕ್ಕುಳಬಳ್ಳಿಯನ್ನು ಕೊಯ್ದವರಾರು ಎಂದು ಕೇಳಿದರೆ ಕಾವ್ಯವು ಬಹುಮಟ್ಟಿಗೆ ಮೌನವಾಗಿರುವುದು. ಒಂದು ಸಾಲಿನಲ್ಲಿ ತಾಯಿ ಗರ್ಭಿಣಿ. ಮುಂದಿನ ಸಾಲಿನಲ್ಲಿ ಕುವರನು ತೊಟ್ಟಿಲಲ್ಲಿರುವನು.

ಇದು ಬರಿಯ ಮರವೆಯೆ, ಅಥವಾ ಕಾವ್ಯಧರ್ಮವೆ? ಪ್ರಸವವು ಬೀಭತ್ಸಕ್ಕೆ ಸೇರಿದುದಾದುದರಿಂದ ಔಚಿತ್ಯವನ್ನು ಬಲ್ಲ ಕವಿಯು ಅದನ್ನು ಬಿಟ್ಟನೆಂದು ಸಮಾಧಾನ ಹೇಳಬಹುದು. ಆದರೆ ರಣರಂಗದಲ್ಲಿ ಕರುಳ ಮಾಲೆಗಳನ್ನೂ ನೆತ್ತರ ಕಡಲನ್ನೂ ಮರುಳುಗಳ ಕುಣಿತವನ್ನೂ ಅದೇ ಕವಿಗಳು ಹಿಂಜರಿಯದೆ ವರ್ಣಿಸಿರುವರು. ಸಾವಿನ ನೆತ್ತರು ಕಾವ್ಯಕ್ಕೆ ಸಲ್ಲುವುದಾದರೆ ಹುಟ್ಟಿನ ನೆತ್ತರು ಏಕೆ ಸಲ್ಲದು? ಆದುದರಿಂದ ಔಚಿತ್ಯದ ವಾದವು ಪೂರ್ತಿಯಾಗಿ ನಿಲ್ಲಲಾರದು. ಇದರ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕಾಗಿದೆ. ಹುಡುಕುವಾಗ ಸೂಲಗಿತ್ತಿಯನ್ನು ಕುರಿತ ಮಾತಿನೊಡನೆ ಎಳೆಯ ಮಕ್ಕಳ ರಕ್ಷೆಯನ್ನು ಕುರಿತ ಮಾತೂ ಬಂದೇ ಬರುವುದು. ಏಕೆಂದರೆ ಹೆರಿಗೆಯ ಕೋಣೆಯಲ್ಲಿ ಇವೆರಡೂ ಒಂದೇ ಕೈಯ ಕೆಲಸವಾಗಿದ್ದುವು.

೨

ಮೊದಲು ಆದಿಕವಿಯನ್ನು ನೋಡಬಹುದು. ಪಂಪನು ಜಿನಸೇನಾಚಾರ್ಯರ ಪೂರ್ವಪುರಾಣವನ್ನು ಅನುಸರಿಸಿ ಕ್ರಿ. ಶ. ೯೪೧ರಲ್ಲಿ ಆದಿಪುರಾಣವನ್ನು ರಚಿಸಿದನು. ಅದು ಪ್ರತಿನಿಧಿಸುವ ಜೈನಸಂಪ್ರದಾಯದಲ್ಲಿ ತೀರ್ಥಂಕರನ ಗರ್ಭಾವತರಣ ಜನ್ಮಾಭಿಷೇಕಗಳು ಕಲ್ಯಾಣಗಳೆನಿಸಿವೆ. ಶ್ರೀ, ಹ್ರೀ, ಧೃತಿ ಮೊದಲಾದ ದೇವಿಯರು ಬಂದು ಗರ್ಭಶೋಧನವನ್ನು ಮಾಡಿ ಜಿನಮಾತೆಯ ಸೇವೆಗೆ ನಿಲ್ಲುವರು. ಮಗು ಹುಟ್ಟಿದೊಡನೆ ಶಚಿಯು ಸೂತಿಕಾಗೃಹವನ್ನು ಹೊಕ್ಕು, ತಾಯಿಗೆ ಮಾಯಾನಿದ್ರೆಯನ್ನು ಬರಿಸಿ, ಅವಳ ಮಗ್ಗುಲಲ್ಲಿ ಮಾಯಾಶಿಶುವನ್ನಿಟ್ಟು, ಜಿನಬಾಲಕನನ್ನು ಕೈಗೆತ್ತಿಕೊಂಡು ಬಂದು ಇಂದ್ರನಿಗೊಪ್ಪಿಸುವಳು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಗರ್ಭವನ್ನು ಶುಚಿಗೊಳಿಸುವುದು, ಬಸುರಿಯ ಬಳಿಯಲ್ಲಿರುವುದು, ಕೂಸನ್ನು ಮೊದಲು ಕೈಗೆ ತೆಗೆದುಕೊಳ್ಳುವುದು, ಈ ಮೂರೂ ಸೂಲಗಿತ್ತಿಯ ಕೆಲಸಗಳೇ ಆಗಿವೆ. ಪುರಾಣವು ಈ ಕೆಲಸವನ್ನು ತೊಡೆದುಹಾಕಿಲ್ಲ, ದೇವತೆಗಳಿಗೆ ವಹಿಸಿಕೊಟ್ಟಿದೆ. ಕೆಲಸಕ್ಕೆ ಗೌರವವು ಸಂದಿತು, ಕೆಲಸದವಳಿಗೆ ಸಲ್ಲಲಿಲ್ಲ.

ರಾಮಾಯಣದ ಉತ್ತರಕಾಂಡದಲ್ಲಿ ಬೇರೊಂದು ಬಗೆಯುಂಟು. ಸೀತೆಯು ವಾಲ್ಮೀಕಿಯ ಆಶ್ರಮದಲ್ಲಿ ಅವಳಿಮಕ್ಕಳನ್ನು ಹೆತ್ತಾಗ ಮುನಿಯು ಮಂತ್ರಿಸಿದ ದರ್ಭೆಯ ಹಿಡಿಯನ್ನೂ ಅದರ ಬುಡದ ತುಂಡನ್ನೂ ಕೊಟ್ಟು, ಮೊದಲು ಹುಟ್ಟಿದವನನ್ನು ಕುಶದಿಂದಲೂ ಎರಡನೆಯವನನ್ನು ಲವದಿಂದಲೂ ಒರಸಬೇಕೆಂದು ಅಲ್ಲಿದ್ದ ವೃದ್ಧಸ್ತ್ರೀಯರಿಗೆ ಹೇಳುವನು. ಭೂತಗಳಿಂದ ಶಿಶುಗಳನ್ನು ಕಾಯುವ ರಕ್ಷೆಯಿದು. ಕುಶಲವರೆಂಬ ಹೆಸರುಗಳು ಈ ರಕ್ಷೆಯಿಂದಲೇ ಬಂದುವೆಂದು ಕಾವ್ಯವು ಹೇಳುವುದು. ಹಾಗಾದರೆ ರಾಮಕಥೆಯನ್ನು ಲೋಕದಲ್ಲಿ ಹಾಡಿದ ಇಬ್ಬರು ಬಾಲಕರ ಹೆಸರುಗಳೂ ಸೂತಿಕಾಗೃಹದ ಮುದುಕಿಯರ ಕೈಯಲ್ಲಿ ಹುಟ್ಟಿದುವೆಂದಾಯಿತು. ಮಂತ್ರವನ್ನು ಕೊಟ್ಟ ಮುನಿಯ ಹೆಸರು ಉಳಿದಿದೆ. ಒರಸಿದ ಕೈಗಳಿಗೆ ಹೆಸರಿಲ್ಲ.

ಮಹಾಭಾರತದ ಆಶ್ವಮೇಧಿಕಪರ್ವದಲ್ಲಿ ಪರೀಕ್ಷಿತನ ಜನನಸಂದರ್ಭವು ಈ ವಿಷಯದಲ್ಲಿ ಅತ್ಯಂತ ಸಮೃದ್ಧವಾದುದು. ಬ್ರಹ್ಮಾಸ್ತ್ರದಿಂದ ನೊಂದು ನಿರ್ಜೀವವಾಗಿ ಹುಟ್ಟಿದ ಮಗುವನ್ನು ಬದುಕಿಸಲು ಕೃಷ್ಣನು ಸೂತಿಕಾಗೃಹವನ್ನು ಹೊಗುವಾಗ ಕಂಡುದೇನೆಂಬುದನ್ನು ವ್ಯಾಸರು ಎಣಿಸಿಕೊಟ್ಟಿರುವರು. ಬಿಳಿಯ ಹೂಮಾಲೆಗಳು, ನಾಲ್ಕೂ ಕಡೆ ತುಂಬಿಟ್ಟ ನೀರಿನ ಕೊಡಗಳು, ತುಪ್ಪ, ಸಾಸಿವೆ, ಉರಿಯುವ ಕೊಳ್ಳಿ, ಬೆಂಕಿ, ಥಳಥಳಿಸುವ ಶಸ್ತ್ರಗಳು, ಪರಿಚರ್ಯೆಗೆ ನಿಂತ ವೃದ್ಧೆಯರು, ಕುಶಲರಾದ ವೈದ್ಯರು, ಎಲ್ಲವೂ ಅಲ್ಲಿವೆ. ಇವುಗಳನ್ನು ರಾಕ್ಷಸರನ್ನು ಅಟ್ಟುವ ಸಾಧನಗಳೆಂದು ಕವಿಯು ತಿಳಿದಿದ್ದನು. ಇಂದಿನ ವಾಚಕನ ಕಣ್ಣಿಗೆ ಅದೇ ಪಟ್ಟಿಯಲ್ಲಿ ನೀರು, ಬೆಂಕಿ, ಮಾಸದ ಅಲಗು, ಅನುಭವಸ್ಥರ ಕೈ ಎಂಬ ನಾಲ್ಕು ವಸ್ತುಗಳು ಬೇರೊಂದು ಅರ್ಥದಿಂದ ತೋರುವುವು. ಕನ್ನಡದಲ್ಲಿ ಕುಮಾರವ್ಯಾಸನು ಮೊದಲ ಹತ್ತು ಪರ್ವಗಳಿಗೆ ತನ್ನ ಕಾವ್ಯವನ್ನು ನಿಲ್ಲಿಸಿದುದರಿಂದ ಈ ಸಂದರ್ಭವು ಅವನ ಕೈಗೆ ಬರಲಿಲ್ಲ. ಯಾವ ಸಣ್ಣ ಸಂಗತಿಯನ್ನೂ ಜೀವಂತವಾಗಿಸಬಲ್ಲ ಆ ಕವಿಯು ಉತ್ತರೆಯ ಹೆರಿಗೆಯ ಕೋಣೆಯನ್ನು ಹೊಕ್ಕಿದ್ದರೆ ಕನ್ನಡದ ಕುಮಾರೋದಯ ವರ್ಣನೆಗೆ ಬೇರೆಯೇ ಆದ ಒಂದು ದಾರಿಯು ತೆರೆಯುತ್ತಿತ್ತೆಂದು ಊಹಿಸಿದರೆ ಅತಿಶಯೋಕ್ತಿಯಾಗದು.

೩

ಕಾವ್ಯವು ಮರೆತುದನ್ನು ಶಾಸ್ತ್ರವು ಮರೆಯಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಪ್ರಸವಕಾಲಕ್ಕೆ ನಾಲ್ವರು ಸ್ತ್ರೀಯರು ಬಳಿಯಲ್ಲಿರಬೇಕೆಂದೂ ಅವರು ವಯಸ್ಸಿನಲ್ಲಿ ಮಾಗಿದವರೂ ಹೆರಿಗೆಯಲ್ಲಿ ಕುಶಲರೂ ಉಗುರುಗಳನ್ನು ಕತ್ತರಿಸಿಕೊಂಡವರೂ ಆಗಿರಬೇಕೆಂದೂ ವಿಧಿಸಿದೆ. ಉಗುರಿನ ಮಾತು ಚಿಕ್ಕದಾದರೂ ಅದರ ಬೆಲೆಯು ದೊಡ್ಡದು. ರೋಗಾಣುಗಳ ಅರಿವಿಲ್ಲದ ಕಾಲದಲ್ಲಿಯೂ ಕೈಯ ಶುಚಿಗೂ ತಾಯಿಯ ಪ್ರಾಣಕ್ಕೂ ಸಂಬಂಧವುಂಟೆಂದು ಅನುಭವದಿಂದ ಕಂಡುಕೊಂಡ ಯಾರೋ ಈ ಮಾತನ್ನು ಶಾಸ್ತ್ರಕಾರನ ಕಿವಿಗೆ ಹಾಕಿರಬೇಕು. ಆ ಅನುಭವವು ಸೂತಿಕಾಗೃಹದ ಒಳಗಿನವರದೇ ಹೊರತು ಹೊರಗೆ ನಿಂತವರದಾಗಿರಲಾರದು.

ಎಳೆಮಕ್ಕಳ ಬೇನೆಗಳನ್ನು ಕುರಿತು ಕನ್ನಡದಲ್ಲಿಯೇ ಪ್ರಾಚೀನ ಗ್ರಂಥವುಂಟು. ಸುಮಾರು ಕ್ರಿ. ಶ. ೧೨೦೦ರಲ್ಲಿದ್ದ ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆಯನ್ನು ಬರೆದನೆಂದು ಕವಿಚರಿತೆಯಿಂದ ತಿಳಿಯುವುದು. ಜಗದ್ದಳ ಸೋಮನಾಥನ ಕಲ್ಯಾಣಕಾರಕವಾಗಲಿ ಮಂಗರಾಜನ ಖಗೇಂದ್ರಮಣಿದರ್ಪಣವಾಗಲಿ ಸಾಹಿತ್ಯ ಚರಿತ್ರೆಯಲ್ಲಿ ಪಡೆದಷ್ಟು ಸ್ಥಾನವನ್ನು ಈ ಕೃತಿಯು ಪಡೆಯಲಿಲ್ಲ. ಗ್ರಹಗಳೆಂದರೆ ಶಿಶುಗಳನ್ನು ಹಿಡಿಯುವ ಶಕ್ತಿಗಳು. ಸುಶ್ರುತನು ಸ್ಕಂದ, ಶಕುನಿ, ರೇವತಿ, ಪೂತನೆ, ನೈಗಮೇಷ ಮೊದಲಾಗಿ ಒಂಬತ್ತನ್ನು ಹೇಳಿರುವನು. ಭಾಗವತದಲ್ಲಿ ಮೊಲೆಯೂಡಲು ಬಂದ ಪೂತನಿಯು ಈ ಪಟ್ಟಿಯಲ್ಲಿರುವುದನ್ನು ಕಂಡಾಗ, ಕೃಷ್ಣನ ಬಾಲಲೀಲೆಯ ಹಿಂದೆ ಹಾಲು ಕುಡಿಯುವ ವಯಸ್ಸಿನಲ್ಲೇ ಮಕ್ಕಳನ್ನು ಕಳೆದುಕೊಂಡ ಅಸಂಖ್ಯ ತಾಯಂದಿರ ಭಯವು ಅಡಗಿದೆಯೆಂಬುದು ಹೊಳೆಯುವುದು. ನೈಗಮೇಷದ ಲಕ್ಷಣಗಳಲ್ಲಿ ಬಾಯಲ್ಲಿ ನೊರೆ ಬರುವುದೂ ಮೈ ನಡುವೆ ಬಾಗುವುದೂ ಸೇರಿವೆ. ಇದನ್ನು ಧನುರ್ವಾಯುವೆಂದೇ ನಿರ್ಣಯಿಸುವುದು ಸಾಹಸವಾದೀತು. ಆದರೆ ಕಣ್ಣಾರೆ ಕಂಡ ಬೇನೆಯನ್ನೇ ಗ್ರಹವೆಂದು ಹೆಸರಿಸಿದರೆಂಬುದರಲ್ಲಿ ಸಂದೇಹವಿಲ್ಲ.

ಹೀಗೆ ಶಾಸ್ತ್ರಕ್ಕೆ ತಿಳಿದಿದ್ದುದು ಕಾವ್ಯಕ್ಕೆ ಬಾರದೆ ಹೋದುದಕ್ಕೆ ಮುಖ್ಯಕಾರಣವು ಪುರುಡೆಂದೇ ಹೇಳಬೇಕಾಗಿದೆ. ಹೆರಿಗೆಯ ಕೋಣೆಯು ಸೂತಕದ ಸ್ಥಳ. ಅಲ್ಲಿ ನೆತ್ತರನ್ನೂ ಮಾಸನ್ನೂ ಮುಟ್ಟುವವಳು ಅನೇಕ ಕಡೆಗಳಲ್ಲಿ ಸಮಾಜವು ಕೀಳೆಂದು ದೂರವಿಟ್ಟ ಜಾತಿಗಳವಳು. ಕೂಸು ಹುಟ್ಟುವವರೆಗೆ ಅವಳು ಬೇಕು. ಪುಣ್ಯಾಹವಾದ ಮೇಲೆ ಅವಳು ಹೊಸಲಿನಾಚೆ. ಕವಿಯು ಅರಮನೆಯ ಅಂಗಳದಲ್ಲಿ ನಿಂತು ಜನನವಾರ್ತೆಯನ್ನು ಕೇಳಿದವನಾದುದರಿಂದ ಅವನ ಕಾವ್ಯವೂ ಅಲ್ಲಿಂದಲೇ ಮೊದಲಾಗುವುದು. ಅಷ್ಟಾದಶವರ್ಣನೆಗಳ ಕುಮಾರೋದಯವು ತಂದೆಯ ಕಣ್ಣಿನಿಂದ ಕಂಡ ಹುಟ್ಟು.

೪

ಕಾವ್ಯವು ಹೇಳದುದನ್ನು ನುಡಿಯು ಹೇಳುವುದು. ಸೂಲ್ ಎಂಬುದು ಹಳಗನ್ನಡದಲ್ಲಿ ಹೆರಿಗೆಯನ್ನು ಸೂಚಿಸುವ ಅಚ್ಚದೇಸಿ ಮಾತು. ತಮಿಳಿನಲ್ಲಿಯೂ ಇದರ ಒಡನಾಡಿ ಶಬ್ದವು ಬಸಿರೆಂಬರ್ಥದಲ್ಲಿದೆ. ಒಕ್ಕಲಗಿತ್ತಿ, ಮದವಣಗಿತ್ತಿ ಎಂಬಲ್ಲಿ ಕಾಣುವ ಸ್ತ್ರೀಪ್ರತ್ಯಯವೇ ಸೇರಿ ಸೂಲಗಿತ್ತಿಯೆಂದಾಗಿದೆ. ಅದರ ಅರ್ಥವು ಹೆರಿಗೆಯೇ ತನ್ನ ಕಾಯಕವಾಗಿ ಉಳ್ಳವಳೆಂಬುದು. ದಾದಿಯೆಂಬ ಮಾತಿನಲ್ಲಿ ಸೇವೆಯ ಛಾಯೆಯಿದೆ. ಸೂಲಗಿತ್ತಿಯೆಂಬಲ್ಲಿ ಬಲ್ಮೆಯ ಛಾಯೆಯಿದೆ. ಕಾವ್ಯವು ಕೊಡದ ಪದವಿಯನ್ನು ಆಡುನುಡಿಯು ಅವಳಿಗೆ ಕೊಟ್ಟಿತು.

ಜನಪದದ ಹಾಡುಗಳಲ್ಲಿ ಈ ದೃಷ್ಟಿಯು ಇನ್ನೂ ಸ್ಪಷ್ಟವಾಗುವುದು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಹೊರತಂದ ಗರತಿಯ ಹಾಡಿನಲ್ಲಿ ಕೂಸು, ತೊಟ್ಟಿಲು, ತವರು, ತಾಯಿಯ ಹಂಬಲಗಳು ತುಂಬಿವೆ. ಚಂಪೂಕವಿಯ ಕುಮಾರೋದಯದಲ್ಲಿ ವಂಶದ ಉದ್ಧಾರವು ಮುಖ್ಯವಾದರೆ ತ್ರಿಪದಿಯಲ್ಲಿ ಕೂಸಿನ ಮೈಯ ಬಿಸುಪೇ ಮುಖ್ಯ. ಹೆತ್ತವರೇ ಹಾಡಿದುದರಿಂದ ಬಂದ ವ್ಯತ್ಯಾಸವಿದು. ಶಾಲೆಗಳಲ್ಲಿ ಈ ಎರಡನ್ನೂ ಒಟ್ಟಿಗಿಟ್ಟು ಪಾಠ ಹೇಳಿದರೆ ವಿದ್ಯಾರ್ಥಿಗಳಿಗೆ ಮಾರ್ಗದೇಸಿಗಳ ಭೇದವು ಛಂದಸ್ಸಿನ ಭೇದ ಮಾತ್ರವಲ್ಲವೆಂಬುದು ತಾನಾಗಿಯೇ ಮನವರಿಕೆಯಾಗುವುದು.

ರೋಗರಕ್ಷೆಯ ಮಾತುಗಳೂ ಹೀಗೆಯೇ ಒಂದು ಇತಿಹಾಸವನ್ನು ಹೊತ್ತಿವೆ. ಸಿಡುಬನ್ನು ಜನರು ಅಮ್ಮನೆಂದೂ ದೇವಿಯೆಂದೂ ಕರೆದರು. ಬೇವಿನ ಸೊಪ್ಪು, ತಣ್ಣನೆಯ ಎಡೆ, ಮನೆಯಲ್ಲಿ ಒಗ್ಗರಣೆಯ ನಿಷೇಧ, ಇವು ಆಕೆಯನ್ನು ಸಮಾಧಾನಪಡಿಸುವ ಕ್ರಮಗಳು. ಗೋವಿನ ಸಿಡುಬಿನ ರಸವನ್ನು ತೋಳಿಗೆ ಕೀರಿ ಹಾಕುವ ಪದ್ಧತಿಯು ಬಂದಾಗ ಅದಕ್ಕೂ 'ದೇವಿ ಹಾಕುವುದು' ಎಂಬ ಹೆಸರೇ ಬಂದಿತು. ಹಳೆಯ ಮೈಸೂರಿನ ಕಡೆ 'ದಾಕು ಹಾಕುವುದು' ಎಂದೂ ರೂಢಿಯಾಯಿತು. ದೇವಿಯು ತಾನಾಗಿ ಬರುವುದಕ್ಕೆ ಮೊದಲೇ ಮನುಷ್ಯನು ಆಕೆಯನ್ನು ಅಳತೆಯರಿತು ಮೈಯೊಳಗೆ ಬರಮಾಡಿಕೊಳ್ಳುವನೆಂಬ ಭಾವವು ಈ ಮಾತಿನಲ್ಲಿದೆ. ಇಂದು ರೂಢಿಯಲ್ಲಿರುವ ಲಸಿಕೆಯೆಂಬುದು ಸಂಸ್ಕೃತದ ಲಸೀಕಾ ಶಬ್ದದಿಂದ ಬಂದುದು. ಆಯುರ್ವೇದದಲ್ಲಿ ಅದು ದೇಹದ ಒಂದು ತಿಳಿಯಾದ ದ್ರವಕ್ಕೆ ಹೆಸರು. ಇಂಗ್ಲಿಷಿನ ವ್ಯಾಕ್ಸಿನ್ ಎಂಬ ಮಾತಿನ ಮೂಲದಲ್ಲಿರುವುದು ಲ್ಯಾಟಿನ್ನಿನ ಆಕಳು. ಒಂದೇ ವಸ್ತುವನ್ನು ಒಂದು ನುಡಿಯು ಆಕಳಿಂದಲೂ ಇನ್ನೊಂದು ರಸದಿಂದಲೂ ಮತ್ತೊಂದು ದೇವಿಯಿಂದಲೂ ಹೆಸರಿಸಿದುದು ನಿಘಂಟುಕಾರರು ಲಕ್ಷಿಸಬೇಕಾದ ಸಂಗತಿ.

೫

ಈ ಹೊಸ ರಕ್ಷೆಯನ್ನು ಜನರ ಮನಸ್ಸಿಗೆ ಒಪ್ಪಿಸುವುದಕ್ಕಾಗಿ ಕಲೆಯೂ ಸಾಹಿತ್ಯವೂ ಬಳಕೆಯಾದುವು. ಜೆನ್ನರನು ತನ್ನ ಪ್ರಯೋಗವನ್ನು ಮಾಡಿದುದು ೧೭೯೬ರಲ್ಲಿ. ಭರತಖಂಡದಲ್ಲಿ ಮೊದಲ ಬಾರಿಗೆ ಮುಂಬಯಿಯಲ್ಲಿ ಮೂರು ವರುಷದ ಹೆಣ್ಣುಮಗುವೊಂದಕ್ಕೆ ದೇವಿ ಹಾಕಿದುದು ೧೮೦೨ರ ಜೂನ್ ೧೪ರಂದು. ತೋಳಿಂದ ತೋಳಿಗೆ ರಸವನ್ನು ಸಾಗಿಸಬೇಕಾಗಿದ್ದ ಕಾಲವದು. ಒಂದು ಮಗುವಿನ ಗುಳ್ಳೆಯಿಂದ ಇನ್ನೊಂದು ಮಗುವಿನ ತೋಳಿಗೆ ರಸವು ದಾಟಬೇಕಾದಾಗ ಜಾತಿಮಡಿಗಳ ಪ್ರಶ್ನೆಯೂ ತಾಯಂದಿರ ಅಂಜಿಕೆಯೂ ಅಡ್ಡಬಂದುದರಲ್ಲಿ ಆಶ್ಚರ್ಯವಿಲ್ಲ.

ಥಾಮಸ್ ಹಿಕಿಯೆಂಬ ಐರಿಷ್ ಚಿತ್ರಕಾರನು ಸುಮಾರು ೧೮೦೫ರಲ್ಲಿ ಬರೆದ ಮೂವರು ಸ್ತ್ರೀಯರ ತೈಲಚಿತ್ರವೊಂದಿದೆ. ಬಹುಕಾಲ ಅವರನ್ನು ನರ್ತಕಿಯರೆಂದು ತಿಳಿಯಲಾಗಿತ್ತು. ಇತಿಹಾಸಜ್ಞರಾದ ನೈಜೆಲ್ ಚಾನ್ಸೆಲರ್ ಅವರು ಇದು ಮೈಸೂರಿನ ರಾಜಗೃಹದ ಚಿತ್ರವೆಂದೂ, ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಯರಿಬ್ಬರು ಇದರಲ್ಲಿರುವರೆಂದೂ, ನಡುವಣವರು ರಾಜಮಾತೆ ಲಕ್ಷ್ಮಮ್ಮಣ್ಣಿಯವರಿರಬಹುದೆಂದೂ ವಾದಿಸಿರುವರು. ಬಲಗಡೆಯ ರಾಣಿಯು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ದೇವಿ ಹಾಕಿಸಿಕೊಂಡುದರ ಗುರುತು. ಎಡಗಡೆಯವಳ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿರುವುದು ಸಿಡುಬಿನ ಹೊಪ್ಪಳೆಯ ಪುಡಿಯನ್ನೇ ಮೂಗಿನಲ್ಲಿ ಊದುವ ಹಳೆಯ ಪದ್ಧತಿಯ ಗುರುತು ಎಂದು ಅವರ ಅಭಿಪ್ರಾಯ. ಇದು ಅನುಮಾನಪ್ರಮಾಣವೇ ಹೊರತು ಶಾಸನಪ್ರಮಾಣವಲ್ಲವೆಂಬುದನ್ನು ನೆನಪಿಡಬೇಕು. ಆದರೂ ಈ ಓದು ಸರಿಯಾದಲ್ಲಿ ಚಿತ್ರದ ಅರ್ಥವು ಗಂಭೀರವಾಗುವುದು. ಹಳೆಯ ರಕ್ಷೆಯೂ ಹೊಸ ರಕ್ಷೆಯೂ ಒಂದೇ ಪಟದಲ್ಲಿ ಅಕ್ಕತಂಗಿಯರಂತೆ ನಿಂತಿವೆ. ಅಂತಃಪುರದ ಹಿರಿಯ ಹೆಂಗಸು ನಡುವೆ ಇರುವಳು. ಪ್ರಜೆಗಳನ್ನು ಒಪ್ಪಿಸಬಲ್ಲ ಮಾತು ಆಜ್ಞೆಯಿಂದಲ್ಲ, ಹೆಂಗಸರ ನಡುವಣ ನಂಬಿಕೆಯಿಂದ ಹುಟ್ಟಬೇಕೆಂಬುದನ್ನು ಚಿತ್ರವು ಹೇಳುವಂತಿದೆ.

ಮದರಾಸಿನಲ್ಲಿ ಎಲಿಸ್ ಎಂಬ ಅಧಿಕಾರಿಯು ಬೇರೊಂದು ಮಾರ್ಗವನ್ನು ಹಿಡಿದನು. ದ್ರಾವಿಡಭಾಷೆಗಳ ಬಾಂಧವ್ಯವನ್ನು ೧೮೧೬ರಲ್ಲಿ ಎತ್ತಿತೋರಿಸಿದ ಪಂಡಿತನು ಇವನೇ. ಗೋವಿನ ಸಿಡುಬಿನ ರಕ್ಷೆಯು ಪುರಾತನವಾದುದೆಂದು ತೋರುವಂತೆ ಪುರಾಣಸಂವಾದದ ರೂಪದಲ್ಲಿ ಒಂದು ಕಥೆಯನ್ನು ತಮಿಳಿನಲ್ಲಿ ಇವನು ಕಟ್ಟಿದನು. ಉದ್ದೇಶವು ಒಳ್ಳೆಯದೇ ಆದರೂ ಇದರಲ್ಲಿ ಒಂದು ದೋಷವುಂಟು. ಪುರಾಣದ ವೇಷವು ಕಳಚಿದ ದಿನ ಕೇಳಿದವನ ನಂಬಿಕೆಯೂ ಕಳಚುವುದು. ಚಿತ್ರದ ಮಾರ್ಗವು ಇದಕ್ಕಿಂತ ಮೇಲು. ಅದು ಹಳೆಯದರ ಹೆಸರಿನಲ್ಲಿ ಹೊಸದನ್ನು ಮಾರುವುದಿಲ್ಲ, ತೋಳನ್ನು ತೋರಿಸುವುದು.

೬

ಸೂಲಗಿತ್ತಿಯ ವಿಷಯದಲ್ಲಿ ಸುಧಾರಣೆಯ ಸಾಹಿತ್ಯವು ನಡೆದುಕೊಂಡ ರೀತಿಯು ಬೇರೆ. ಆಕೆಯಂಥವರಿಗೆ ಶಿಕ್ಷಣ ಕೊಡುವುದಕ್ಕಾಗಿ ೧೯೦೩ರಲ್ಲಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯು ಸ್ಥಾಪಿತವಾಯಿತು. ಆ ನಿಧಿಯು ೧೯೧೮ರಲ್ಲಿ ಹೊರತಂದ ವರದಿಯಲ್ಲಿ ಹೆರಿಗೆಯ ಕೋಣೆಯ ಕತ್ತಲೆ ಕೊಳೆಗಳ ಚಿತ್ರವಿದೆ. ಕ್ಯಾಥರೀನ್ ಮೇಯೋ ೧೯೨೭ರಲ್ಲಿ ಪ್ರಕಟಿಸಿದ ಮದರ್ ಇಂಡಿಯಾ ಎಂಬ ಪುಸ್ತಕವು ಅದೇ ಚಿತ್ರವನ್ನು ಒಂದು ಜನಾಂಗದ ನಿಂದೆಗೆ ಸಾಧನವಾಗಿಸಿಕೊಂಡಿತು. ಕೋಪದಿಂದ ಉತ್ತರ ಬರೆದ ದೇಶಾಭಿಮಾನಿಗಳು ದೇಶದ ಮಾನವನ್ನು ಕಾಯಲು ಹೋರಾಡಿದರು; ಸೂಲಗಿತ್ತಿಯ ಮಾನವನ್ನು ಕಾಯುವ ಗೊಡವೆಗೆ ಹೆಚ್ಚಾಗಿ ಹೋಗಲಿಲ್ಲ. ನಿಂದಕರಿಗೂ ಅವಳು ಕೊಳೆಯ ಗುರುತು. ಪ್ರತಿವಾದಿಗಳಿಗೂ ಅವಳು ಮರೆಯಲ್ಲಿಡಬೇಕಾದ ಸಂಗತಿ.

ಆದರೆ ಸತ್ಯವನ್ನು ಮುಚ್ಚುವುದು ವಿಮರ್ಶೆಯಲ್ಲ. ಹೊಕ್ಕುಳನ್ನು ಕೊಯ್ದ ಅಲಗು ಶುಚಿಯಾಗಿಲ್ಲದೆ, ಕೊಯ್ದ ಗಾಯಕ್ಕೆ ಸಗಣಿಯನ್ನೋ ಮಣ್ಣನ್ನೋ ಬೂದಿಯನ್ನೋ ಮೆತ್ತಿದುದರಿಂದ ಧನುರ್ವಾಯು ಹತ್ತಿ ಸತ್ತ ಶಿಶುಗಳ ಸಂಖ್ಯೆಯು ಅಪಾರ. ಆ ರೋಗದ ಬೀಜವು ಮಣ್ಣಿನಲ್ಲಿಯೂ ದನಗಳ ಸಗಣಿಯಲ್ಲಿಯೂ ಇರುವುದು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಮೂರನೆಯ ದಿನದಿಂದ ಇಪ್ಪತ್ತೆಂಟನೆಯ ದಿನದೊಳಗೆ ಬಾಯಿ ಬಿಗಿದು ಮೊಲೆಯನ್ನು ಹಿಡಿಯಲಾರದೆ, ಮೈ ಸೆಟೆದು ಬಿಲ್ಲಾಗಿ ತೀರಿಹೋಗುವುದು. ಗೋವಿನಿಂದಲೇ ಒಂದು ರಕ್ಷೆಯೂ ಬಂದಿತು, ಒಂದು ಮೃತ್ಯುವೂ ಬಂದಿತು. ಯಾವುದನ್ನು ಎಲ್ಲಿಗೆ ಹಚ್ಚಬೇಕೆಂಬ ಅರಿವೇ ಈ ಎರಡರ ನಡುವಣ ಅಂತರವಾಗಿತ್ತು.

ಈ ಮೃತ್ಯುವನ್ನು ಗೆದ್ದ ಬಗೆಯಲ್ಲಿಯೇ ಇಡೀ ಚರ್ಚೆಯ ತಿರುಳಿದೆ. ಗೆಲುವಿಗೆ ಎರಡು ಸಾಧನಗಳು ಒಟ್ಟಾಗಿ ಬೇಕಾದುವು. ಬಸುರಿಗೆ ಕೊಟ್ಟ ಧನುರ್ವಾಯುವಿನ ಲಸಿಕೆಯು ತಾಯಿಯ ನೆತ್ತರಿನ ಮೂಲಕ ಮಗುವಿಗೆ ರಕ್ಷೆಯಾಗುವುದು. ಶುಚಿಯಾದ ಕೈ, ಶುಚಿಯಾದ ನೆಲ, ಶುಚಿಯಾದ ಅಲಗು, ಶುಚಿಯಾದ ದಾರ, ಏನನ್ನೂ ಹಚ್ಚದ ಶುಚಿಯಾದ ಹೊಕ್ಕುಳು ಎಂಬ ಪಂಚಶುದ್ಧಿಗಳು ರೋಗವು ಒಳಹೊಗದಂತೆ ಬಾಗಿಲು ಕಾಯುವುವು. ಮೊದಲನೆಯದು ಸೂಜಿ ಹಿಡಿದವಳ ಕೆಲಸ; ಎರಡನೆಯದು ಸೂಲಗಿತ್ತಿಯ ಕೆಲಸ. ಭಾರತದಲ್ಲಿ ೧೯೭೮ರಲ್ಲಿ ಮೊದಲಾದ ವಿಸ್ತೃತ ಲಸಿಕಾ ಕಾರ್ಯಕ್ರಮವೂ ೧೯೮೫ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವೂ, ಹಳ್ಳಿಗಳ ಸೂಲಗಿತ್ತಿಯರಿಗೆ ಕೊಟ್ಟ ತರಬೇತಿಯೂ, ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದುದೂ ಸೇರಿ, ತಾಯಿಯ ಮತ್ತು ನವಜಾತಶಿಶುವಿನ ಧನುರ್ವಾಯುವು ಸಾರ್ವಜನಿಕ ಪಿಡುಗಾಗಿ ಉಳಿದಿಲ್ಲವೆಂದು ೨೦೧೫ರಲ್ಲಿ ದೃಢಪಟ್ಟಿತು. ಸುಶ್ರುತನ 'ಕತ್ತರಿಸಿದ ಉಗುರು' ಪಂಚಶುದ್ಧಿಗಳಲ್ಲಿ ಮೊದಲನೆಯದಾಗಿ ಮರಳಿ ಬಂದುದನ್ನು ಇಲ್ಲಿ ನೆನೆಯಬಹುದು. ಸಿಡುಬು ೧೯೮೦ರ ಮೇ ೮ರಂದು ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಆದರೆ ಧನುರ್ವಾಯುವಿನ ಬೀಜವು ಮಣ್ಣಿನಲ್ಲಿಯೇ ಇರುವುದರಿಂದ ಅದಕ್ಕೆ ಅಂಥ ನಿರ್ಮೂಲನವಿಲ್ಲ; ಪ್ರತಿಯೊಂದು ಹುಟ್ಟಿನಲ್ಲಿಯೂ ಅದನ್ನು ಹೊಸದಾಗಿ ತಡೆಯಬೇಕು.

೭

ಇತ್ತೀಚಿನ ದಶಕಗಳಲ್ಲಿ ಮೂರನೆಯ ಬಗೆಯ ಬರವಣಿಗೆಯೊಂದು ಬೆಳೆದಿದೆ, ಅದು ಸ್ತುತಿಸಾಹಿತ್ಯ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಎಪ್ಪತ್ತು ವರುಷಗಳ ಕಾಲ ಹಣ ಮುಟ್ಟದೆ ೧೫,೦೦೦ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನ ಕೊಟ್ಟಿತು. ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಅದೇ ವರುಷದ ಡಿಸೆಂಬರ್ ೨೫ರಂದು ಅವರು ತೀರಿಕೊಂಡರು. ಅಕ್ಷರವಿಲ್ಲದವರಿಗೆ ವಿಶ್ವವಿದ್ಯಾನಿಲಯದ ಪದವಿಯು ಸಂದುದು ಸಂತೋಷದ ಮಾತೇ ಸರಿ. ಆದರೆ ಅವರನ್ನು ಕುರಿತ ಬರಹಗಳಲ್ಲಿ ಮಹಾತಾಯಿ, ದೇವತೆ, ತ್ಯಾಗಮಯಿ ಎಂಬ ವಿಶೇಷಣಗಳು ಹೆಚ್ಚು. ಅಡ್ಡ ಬಿದ್ದ ಮಗುವನ್ನು ಕೈಯಿಂದ ಹೇಗೆ ಗುರುತಿಸುತ್ತಿದ್ದರು, ಯಾವ ಲಕ್ಷಣವನ್ನು ಕಂಡರೆ ಆಸ್ಪತ್ರೆಗೆ ಸಾಗಿಸೆನ್ನುತ್ತಿದ್ದರು, ಅಜ್ಜಿಯಿಂದ ಕಲಿತುದರಲ್ಲಿ ಯಾವುದನ್ನು ಬಿಟ್ಟರು ಎಂಬ ವಿವರಗಳು ಕಡಿಮೆ. ಪಂಪನ ಕಾಲದಲ್ಲಿ ಸೂಲಗಿತ್ತಿಯ ಕೆಲಸವನ್ನು ದೇವಿಯರಿಗೆ ಕೊಟ್ಟರು. ಈಗ ಸೂಲಗಿತ್ತಿಯನ್ನೇ ದೇವಿಯನ್ನಾಗಿ ಮಾಡಿದರು. ಎರಡರಲ್ಲಿಯೂ ಬಲ್ಮೆಯು ಬರವಣಿಗೆಗೆ ಇಳಿಯಲಿಲ್ಲ.

ಹೀಗೆ ಕಾವ್ಯವು ಅವಳನ್ನು ಮರೆತಿತು, ಸುಧಾರಣೆಯು ಹಳಿಯಿತು, ಸ್ತುತಿಯು ಪೂಜಿಸಿತು. ಬಲ್ಲವಳೆಂದು ತಿಳಿದು ಅವಳ ಮಾತನ್ನು ಕೇಳಿ ಬರೆದುಕೊಂಡುದು ಬಹು ಕಡಿಮೆ. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನರು 'ತಾಯಿ ಮಗು'ವಿನಂಥ ಗ್ರಂಥದಿಂದ ಹೆರಿಗೆಯ ಅರಿವನ್ನು ತಿಳಿಗನ್ನಡಕ್ಕೆ ತಂದರು. ವೈದ್ಯಶಾಸ್ತ್ರದ ಕಡೆಯಿಂದ ಬಂದ ಈ ಸೇತುವೆಗೆ ಸೂಲಗಿತ್ತಿಯ ಕಡೆಯಿಂದ ಎದುರು ಸೇತುವೆಯು ಇನ್ನೂ ಕಟ್ಟಲ್ಪಡಬೇಕಾಗಿದೆ.

ಇದಕ್ಕೆ ಕಾಲಾವಕಾಶವು ಹೆಚ್ಚಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ೮೮ಕ್ಕೂ ಹೆಚ್ಚು, ಕರ್ಣಾಟಕದಲ್ಲಿ ಸುಮಾರು ೯೭ ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ತಾಯಿಮಕ್ಕಳ ದೃಷ್ಟಿಯಿಂದ ಇದು ಶುಭವಾದ ಬದಲಾವಣೆ. ಹಿಂದಿನ ಕಾಲವು ಮರಳಲೆಂದು ಹಾರೈಸುವುದು ಅವಿವೇಕ. ಆದರೆ ಕೈಯಿಂದ ಕೈಗೆ ಬಂದ ಒಂದು ವಿದ್ಯೆಯು ಕೊನೆಯ ಕೈಗಳಲ್ಲಿ ನಿಂತಿದೆ. ಅದರ ಶಬ್ದಗಳನ್ನೂ ಲಕ್ಷಣಜ್ಞಾನವನ್ನೂ ತಪ್ಪುಗಳನ್ನೂ ಮುಚ್ಚುಮರೆಯಿಲ್ಲದೆ ಸಂಗ್ರಹಿಸುವುದು, ಶಾಸನಗಳನ್ನು ಪಡಿಯಚ್ಚು ತೆಗೆದಷ್ಟೇ ಮುಖ್ಯವಾದ ಸಂಶೋಧನೆಯಾಗಿದೆ. ಜಿಲ್ಲೆಜಿಲ್ಲೆಗಳ ಕನ್ನಡ ಅಧ್ಯಾಪಕರಿಗೆ ಈ ಕೆಲಸವು ಕೈಗೆಟುಕುವಂಥದು. ಕುಮಾರೋದಯ ವರ್ಣನೆಯನ್ನು ತರಗತಿಯಲ್ಲಿ ಓದಿಸುವಾಗ ಬಯಕೆಗೂ ಜಾತಕರ್ಮಕ್ಕೂ ನಡುವಣ ಆ ಬರಿದಾದ ಗಳಿಗೆಯನ್ನು ತೋರಿಸಿ, ಅಲ್ಲಿ ಯಾರಿದ್ದರೆಂದು ವಿದ್ಯಾರ್ಥಿಗಳನ್ನು ಕೇಳಿ, ಅವರವರ ಊರಿನ ಮುದುಕಿಯರಿಂದ ಉತ್ತರವನ್ನು ಬರೆದು ತರಿಸಿದರೆ, ಹದಿನೆಂಟು ವರ್ಣನೆಗಳಲ್ಲಿ ಅಪೂರ್ಣವಾಗಿ ಉಳಿದ ಈ ಒಂದು ವರ್ಣನೆಯು ಕನ್ನಡದಲ್ಲಿ ಪೂರ್ಣವಾಗಬಹುದು.